ಬಾಯಿಮಾತಿನ ಮನೆ ವ್ಯಾಪಾರ, ಓನರ್ ಈಗ ಉಲ್ಟಾ: ಸಹಾಯ ಬೇಕು

ದಾವಣಗೆರೆಯಲ್ಲಿ ನಾವು ಬಾಡಿಗೆಗಿರುವ ಮನೆಯನ್ನೇ 38 ಲಕ್ಷಕ್ಕೆ ನಮಗೆ ಕೊಡಲು ಓನರ್ ಒಪ್ಪಿದ್ದರು. ಕರಾರು ಪತ್ರ ಇಲ್ಲ, ಎಲ್ಲಾ ಬಾಯಿಮಾತು. 4 ಲಕ್ಷ ಬ್ಯಾಂಕಿನಿಂದಲೇ ಹೋಗಿದೆ. ಸ್ಟೇಟ್‌ಮೆಂಟಿನಲ್ಲಿ 'ಮನೆ ಅಡ್ವಾನ್ಸ್' ಅಂತ ಇದೆ. ಈಗ ರೇಟ್ ಏರಿದೆ ನೋಡಿ, ಅದು ಬಾಡಿಗೆ ಅಡ್ವಾನ್ಸ್ ಅಂತಾರೆ! ಬಾಡಿಗೆಯ 50 ಸಾವಿರ ಮೊದಲೇ ಬೇರೆ ಕೊಟ್ಟಿದ್ದೇವೆ. 'ರಿಜಿಸ್ಟ್ರೇಷನ್ ದೀಪಾವಳಿ ಆದ್ಮೇಲೆ ಮಾಡೋಣ' ಎಂದು ಅವರೇ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್ ಕೂಡ ಇದೆ.

ಹಿರಿಯರನ್ನು ಕೂರಿಸಿ ಮಾತಾಡಿಸಿದೆವು, ಲಾಯರ್ ನೋಟಿಸ್ ಕಳಿಸಿದೆವು. ಉತ್ತರವಿಲ್ಲ. ಬೇರೆ ಪಾರ್ಟಿ ಬಂದು ಮನೆ ನೋಡಿಕೊಂಡು ಹೋಗುತ್ತಿದ್ದಾರೆ.

ಒಬ್ಬ ಲಾಯರ್ ಹೇಳುವುದು: ಬಾಯಿಮಾತಿನ ಕರಾರೂ ನಡೆಯುತ್ತದೆ, ಕ್ರಯ ಮಾಡಿಕೊಡಿ ಅಂತ ದಾವೆ ಹಾಕಿ, ಅವರು ಆಗಲ್ಲ ಅಂದಾಗಿನಿಂದ 3 ವರ್ಷ ಟೈಮಿದೆ. ಇನ್ನೊಬ್ಬರು: ಬರವಣಿಗೆ, ರಿಜಿಸ್ಟ್ರೇಷನ್ ಇಲ್ಲದೆ ಆಸ್ತಿ ವರ್ಗಾವಣೆ ಕಾಯ್ದೆಯ 53ಎ ರಕ್ಷಣೆ (ಕರಾರಿನಂತೆ ಸ್ವಾಧೀನದಲ್ಲಿರುವ ಖರೀದಿದಾರರನ್ನು ಓನರ್ ಬಿಡಿಸದಂತೆ ತಡೆಯುವ ಸೆಕ್ಷನ್) ಸಿಗಲ್ಲ, ದುಡ್ಡು ವಾಪಸ್ ಕೇಳಿ ಸಾಕು. ಕ್ರಯದ ದಾವೆಗೆ ಕೋರ್ಟ್ ಫೀ ಪೂರ್ತಿ 38 ಲಕ್ಷದ ಮೇಲೆ ಬೇರೆ.

53ಎ ಸಿಗದಿದ್ದರೂ ಕ್ರಯದ ದಾವೆ ನಿಲ್ಲುತ್ತದಾ? ಆ ವಾಯ್ಸ್ ಮೆಸೇಜ್, ಬ್ಯಾಂಕ್ ದಾಖಲೆ ಸಾಕ್ಷಿಗೆ ಸಾಕಾ? ಇಂಥ ಕೇಸ್ ನಡೆಸಿದವರು ದಯವಿಟ್ಟು ಹೇಳಿ.