ಫಾಂಟಾನ್ ಶಸ್ತ್ರಚಿಕಿತ್ಸೆಯಾದ ವಯಸ್ಕರಿಗೆ ಯಕೃತ್ತಿನ ತಪಾಸಣೆ ಏಕೆ?

ಪ್ರಶ್ನೆ: ಕೆಲಸ ಮಾಡುವ ಹೃತ್ಕುಕ್ಷಿ (ರಕ್ತವನ್ನು ಹೊರಕ್ಕೆ ತಳ್ಳುವ ಹೃದಯದ ಕೆಳಕೋಣೆ) ಒಂದೇ ಇದ್ದು ಹುಟ್ಟಿದ ನನ್ನ ತಮ್ಮನಿಗೆ ಬಾಲ್ಯದಲ್ಲಿಯೇ ಫಾಂಟಾನ್ ಶಸ್ತ್ರಚಿಕಿತ್ಸೆಯಾಗಿದೆ. ಈಗ ಅವನು ಉದ್ಯೋಗಕ್ಕೆ ಹೋಗುತ್ತಿದ್ದಾನೆ, ಆರೋಗ್ಯವಾಗಿಯೇ ಕಾಣುತ್ತಾನೆ. ಹೀಗಿರುವಾಗ ಹೃದ್ರೋಗ ತಜ್ಞರು ಯಕೃತ್ತಿನ ಸ್ಕ್ಯಾನ್ ಮಾಡಿಸಲು ಹೇಳುವುದೇಕೆ?

ಉತ್ತರ 1: 1968ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಫ್ರಾನ್ಸಿಸ್ ಫಾಂಟಾನ್ ಅವರು ಮೊದಲು ಕೈಗೊಂಡ ಈ ಶಸ್ತ್ರಚಿಕಿತ್ಸೆಯ ನಂತರ, ದೇಹದಿಂದ ಮರಳುವ ರಕ್ತವು ಹೃತ್ಕುಕ್ಷಿಯ ಒತ್ತಾಸೆಯಿಲ್ಲದೆ ತಾನಾಗಿಯೇ ಶ್ವಾಸಕೋಶಕ್ಕೆ ಹರಿಯಬೇಕಾಗುವುದರಿಂದ, ಅಭಿಧಮನಿಗಳಲ್ಲಿ ಒತ್ತಡವು ಸದಾ ಹೆಚ್ಚಾಗಿರುತ್ತದೆ. ಆ ಒತ್ತಡವನ್ನು ವರ್ಷಗಟ್ಟಲೆ ತಾಳಿಕೊಳ್ಳುವ ಯಕೃತ್ತು ಕ್ರಮೇಣ ಗಡುಸಾಗುತ್ತದೆ. ಕೆಲವರಲ್ಲಿ ಗಡ್ಡೆಯೂ ಬೆಳೆಯಬಹುದು. ರಕ್ತಪರೀಕ್ಷೆ ಬಹುತೇಕ ಸರಿಯಿದ್ದಾಗಲೂ ಒಳಗೆ ಈ ಬದಲಾವಣೆ ನಡೆದಿರಬಹುದಾದ್ದರಿಂದಲೇ ಸ್ಕ್ಯಾನ್ ಬೇಕು.

ಉತ್ತರ 2: ಯಕೃತ್ತಿನಷ್ಟೇ ಗಮನ ಹೃದಯದ ಲಯಕ್ಕೂ ಸಲ್ಲಬೇಕು. ಇದ್ದಕ್ಕಿದ್ದಂತೆ ಎದೆ ಡವಗುಟ್ಟಲು ತೊಡಗಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಾಲು, ಹೊಟ್ಟೆ ಊದಿಕೊಂಡು ಭೇದಿಯೂ ಮುಂದುವರಿದರೆ, ಕರುಳಿನ ಮೂಲಕ ಪ್ರೋಟೀನ್ ನಷ್ಟವಾಗುತ್ತಿದೆಯೇ ಎಂದು ನೋಡಿಸಬೇಕು. ಅದನ್ನು ಬರೀ ಅಜೀರ್ಣವೆಂದು ತಳ್ಳಿಹಾಕಬಾರದು.

ಉತ್ತರ 3: ವ್ಯಾಯಾಮ ಬೇಡವೆಂಬ ಹಳೆಯ ಎಚ್ಚರಿಕೆಯನ್ನು ತಜ್ಞರು ಈಗ ಎಲ್ಲರಿಗೂ ಹೇಳುವುದಿಲ್ಲ. ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ, ವೈದ್ಯರನ್ನು ಕೇಳಿಕೊಂಡು ಕಾಲುಗಳಿಗೆ ಬಲ ತುಂಬುವ ವ್ಯಾಯಾಮ ಮಾಡುವುದು ಅವನಿಗೆ ನಿಜಕ್ಕೂ ಉಪಕಾರಿಯಾಗಬಹುದು.