ಆರ್ಕಿಡ್ ಎಲಿ ಸುಕ್ಕಾಗ್ಯಾವು, ಮೊಗ್ಗು ಉದುರ್ಲಿಕತ್ತಾವು: ನೀರು ಹೆಚ್ಚಾತೋ, ಕಡಿಮಿ ಆತೋ?

ಪ್ರಶ್ನೆ, ವಿಜಯಪುರದಿಂದ:
ನಮಸ್ಕಾರ ರೀ. ಮಗಳು ಬೆಂಗಳೂರಿಂದ ತಂದಕೊಟ್ಟ ಫೆಲನಾಪ್ಸಿಸ್ ಆರ್ಕಿಡ್ ಶಿವರಾತ್ರಿ ತನಕ ಭಾಳ ಚಂದ ಇತ್ತು. ಈಗ ಕೆಳಗಿನ ಎಲಿ ಸುಕ್ಕಾಗಿ ಜೋತಬಿದ್ದಾವು. ಮೊಗ್ಗು ಅರಳೂಕಿಂತ ಮೊದಲ ಹಳದಿಯಾಗಿ ಉದುರ್ತಾವು. ಅಡಗಿಮನಿ ಕಿಟಕ್ಯಾಗ ಇಟ್ಟೀನಿ, ಬಾಜೂಕ ಹಣ್ಣಿನ ಬುಟ್ಟಿ ಅದ. ದಿನಾ ಮುಂಜಾನೆ ಬೋರಿನ ನೀರು ಹಾಕ್ತೀನಿ. ಬಿಸಲು ಜೋರದ, ಇನ್ನೂ ಹೆಚ್ಚ ಹಾಕಲೇನು?

ಉತ್ತರ, ಬೆಳಗಾವಿಯಿಂದ:
ಅಕ್ಕಾರ, ಸದ್ಯ ಒಂದು ಹನಿನೂ ಹಾಕಬ್ಯಾಡ್ರಿ. ನೀರಿಲ್ಲದ ಗಿಡದ ಎಲಿನೂ ಸುಕ್ಕಾಗ್ತದ, ಬೇರು ಕೊಳೆತ ಗಿಡದ ಎಲಿನೂ ಸುಕ್ಕಾಗ್ತದ. ಬೇರ ಇಲ್ಲಂದ್ರ ಗಿಡ ನೀರು ಹೆಂಗ ಕುಡೀಬೇಕು? ಎಲಿ ನೋಡಿದ್ರ ಏನೂ ತಿಳಿಯೂದಿಲ್ಲ, ಗಿಡ ಪಾಟ್‌ನಿಂದ ಹೊರಗ ತೆಗೀರಿ.

ಒಂದೊಂದ ಬೇರು ಬೆರಳಿಂದ ಒತ್ತಿ ನೋಡ್ರಿ. ಗಟ್ಟಿ ಇದ್ದು, ಒಣಗಿದಾಗ ಬೆಳ್ಳಿ ಬಣ್ಣ, ತೊಯ್ದಾಗ ಹಸರು ಆದ್ರ ಜೀವ ಅದ. ಕಂದಾಗಿ ಮೆತ್ತಗಾಗಿ, ಜಗ್ಗಿದ ಕೂಡ್ಲೆ ಮ್ಯಾಲಿನ ಸಿಪ್ಪಿ ಕಳಚಿ ದಾರದಂಥ ಎಳಿ ಅಷ್ಟ ಉಳಿದ್ರ ಅದು ಸತ್ತದ. ಬುಡದ ನಡುವ ಮಾಸ್‌ನ (ನೀರು ಹಿಡಿದಿಡೂ ಒಣ ಪಾಚಿ) ಗಟ್ಟಿ ಉಂಡಿನೂ ಹುಡುಕ್ರಿ. ಅಂಗಡಿ ಗಿಡದಾಗ ಅದು ಭಾಳ ಸಲ ಇರ್ತದ. ಮ್ಯಾಲೆ ಒಣಗಿದಂಗ ಕಂಡ್ರೂ ಒಳಗ ವಾರಗಟ್ಟಲೆ ಹಸಿ ಇರ್ತದ, ಕೊಳೆಯೂದು ಅಲ್ಲಿಂದನ ಸುರು.

ಸತ್ತ ಬೇರು ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಿಂದ ತೆಗೀರಿ. ಈ ಗಿಡ ಕಾಡಿನ್ಯಾಗ ಮರದ ಮ್ಯಾಲೆ ಬೆಳೀತದ, ಮಣ್ಣು ಹಾಕಲೇಬಾರದು. ತೊಗಟಿ ಚೂರು, ಇದ್ದಿಲು ಸಾಕು. ಹೂವಿನ ಕಡ್ಡಿ ಹಸರಿದ್ರೂ ಕತ್ತರಿಸ್ರಿ, ಗಿಡ ಮೊದಲು ಬೇರು ಬಿಡಲಿ. ಹೊಸಾ ಬೇರು ಬರೂತನ ಗೊಬ್ಬರ ಬ್ಯಾಡ. ಮುಂದ ಬೇರು ಬೆಳ್ಳಗಾದ ಮ್ಯಾಲೆ ಅಷ್ಟ ನೀರು ಹಾಕಿ, ಪೂರ್ತಿ ಬಸಿದು ಹೋಗಲಿಕ್ಕೆ ಬಿಡ್ರಿ. ಎಲಿ ನಡುವಿನ ಸುಳಿಯಾಗ ನೀರು ನಿಂತ್ರ ಹತ್ತಿಯಿಂದ ಒರೆಸ್ರಿ. ಸುಳಿ ಕೊಳೆತ್ರ ಗಿಡ ಉಳಿಯೂದು ಕಠಿಣ.

ಉತ್ತರ, ಬಾಗಲಕೋಟೆಯಿಂದ:
ಮೊಗ್ಗಿನ ಮಾತು ಬ್ಯಾರೆನ ಐತ್ರಿ. ಬಿಸಿಗಾಳಿ ಬಡದ್ರ ಉದುರ್ತಾವು. ಮಾಗೂ ಬಾಳೆಹಣ್ಣು, ಮಾವಿನಹಣ್ಣಿನಿಂದ ಎಥಿಲೀನ್ ಅನ್ನೂ ಅನಿಲ ಬರ್ತೈತಿ, ಅದಕ್ಕೂ ಉದುರ್ತಾವು. ಬುಟ್ಟಿ ದೂರ ಇಡ್ರಿ. ಗಿಡ ಪೂರ್ವದ ಕಿಟಕಿಗೆ ಒಯ್ರಿ, ಮಧ್ಯಾಹ್ನದ ಬಿಸಲು ನೇರ ಬಿದ್ರ ಎಲಿ ಸುಡ್ತೈತಿ. ನಮ್ಮ ಕಡೆ ಬೋರಿನ ನೀರು ಗಡಸು, ಪಾಟ್ ಅಂಚಿನ ಮ್ಯಾಲೆ ಬಿಳೇ ಉಪ್ಪು ಕಟ್ಟತೈತಿ. ಮಳಿನೀರು ಹಿಡಿದಿಟ್ಟು ಹಾಕೂದು ಚಲೋ.

ಪ್ರಶ್ನೆ ಕೇಳಿದವರು:
ಗಿಡ ತೆಗೆದೆ ರೀ. ನಡುವ ಮಾಸ್ ಉಂಡಿ ಇತ್ತು, ಹಿಂಡಿದ್ರ ನೀರು ಸುರೀತು. ಬೇರು ಭಾಳ ಹೋಗ್ಯಾವು, ಮೂರ ಗಟ್ಟಿ ಅದಾವು. ಮತ್ತ ಹೂ ಬಿಡ್ತದೇನು?

ಬೆಳಗಾವಿಯಿಂದ:
ಮೂರ ಇದ್ರ ಉಳೀತದ ಅಕ್ಕಾರ. ಈ ವರ್ಷ ಹೂವಿನ ಆಸೆ ಬ್ಯಾಡ, ಹೊಸಾ ಎಲಿ ಬರಲಿ. ಗಿಡ ಚೇತರಿಸಿಕೊಂಡ ಮ್ಯಾಲೆ, ಚಳಿಗಾಲದಾಗ ಕೆಲವು ವಾರ ರಾತ್ರಿ 15ರಿಂದ 18 ಡಿಗ್ರಿ ತಂಪು ಸಿಕ್ರ ಹೂವಿನ ಕಡ್ಡಿ ಹೊರಡ್ತದ. ಆ ತಂಪು ನಿಮ್ಮ ವಿಜಯಪುರದಾಗೂ ಸಿಗ್ತದ.