ಅಲಮೋ ಟಿವಿ ಸಿನಿಮಾ (1987): ಗೆರೆ ಎಳೆದದ್ದು ನಿಜವಾ? ಸಹಾಯ ಯಾಕೆ ಬರಲಿಲ್ಲ?

ಹಳೇರೀಲು:
'ದಿ ಅಲಮೋ: ಥರ್ಟೀನ್ ಡೇಸ್ ಟು ಗ್ಲೋರಿ' ಯಾರಾದರೂ ನೋಡಿದ್ದೀರಾ? ಅಮೆರಿಕದ ಎನ್‌ಬಿಸಿ ಚಾನೆಲ್‌ಗೆ 1987ರಲ್ಲಿ ಮಾಡಿದ್ದು, ಹತ್ತಿರ ಹತ್ತಿರ ಮೂರು ಗಂಟೆ. ಆಗ ಮೆಕ್ಸಿಕೋಗೆ ಸೇರಿದ್ದ ಟೆಕ್ಸಸ್‌ನಲ್ಲಿ ಅಲಮೋ ಎಂಬ ಹಳೇ ಮಿಷನ್ (ಪಾದ್ರಿಗಳ ಮಠ, ಆಮೇಲೆ ಕೋಟೆ) ಒಳಗೆ ದಂಗೆ ಎದ್ದ ಹೆಚ್ಚುಕಡಿಮೆ ಇನ್ನೂರು ಜನ, ಹೊರಗೆ ಮೆಕ್ಸಿಕೋದ ಅಧ್ಯಕ್ಷ ಸಾಂತಾ ಆನಾನ ಸೈನ್ಯ, 1836ರಲ್ಲಿ 13 ದಿನದ ಮುತ್ತಿಗೆ. ಎಲ್ಲರೂ ಸಾಯುತ್ತಾರೆ ಅಂತ ಗೊತ್ತಿದ್ದೂ ಮಧ್ಯದಲ್ಲಿ ಎದ್ದು ಹೋಗಲು ಆಗಲಿಲ್ಲ.

ನನ್ನ ಡೌಟು ಇಷ್ಟು. ಒಳಗಿದ್ದವರ ಮುಖ್ಯಸ್ಥ ಟ್ರಾವಿಸ್ ಕತ್ತಿಯಿಂದ ನೆಲದಲ್ಲಿ ಗೆರೆ ಎಳೆದು, ಉಳಿಯುವವರು ಈ ಕಡೆ ಬನ್ನಿ ಅಂದ ಅಂತ ಎಲ್ಲ ಕಡೆ ಓದುತ್ತೇವಲ್ಲ, ಅದು ನಡೆದದ್ದಾ? ಸಾವು ಖಂಡಿತ ಅಂತ ಗೊತ್ತಿದ್ದರೆ ಮೊದಲೇ ಜಾಗ ಖಾಲಿ ಮಾಡಬಹುದಿತ್ತು ಅಲ್ವಾ? ಸಹಾಯಕ್ಕೆ ಯಾರೂ ಯಾಕೆ ಬರಲಿಲ್ಲ? ಇನ್ನೊಂದು, ಒಳಗಿದ್ದ ಹೆಸರುವಾಸಿ ಹೋರಾಟಗಾರರಾದ ಬೋವಿ, ಕ್ರಾಕೆಟ್ ಇಬ್ಬರೂ ನಿಜವಾಗಿ ಅಷ್ಟು ವಯಸ್ಸಾದವರಾ?

ಪ್ಯಾಚಪ್ ಶೂಟಿಂಗ್:
ವಯಸ್ಸಿನದ್ದು ನಾನು ಹೇಳ್ತೀನಿ. ಬೋವಿ ಪಾತ್ರದ ಜೇಮ್ಸ್ ಆರ್ನೆಸ್‌ಗೆ ಆಗ 63, ನಿಜವಾದ ಬೋವಿಗೆ ಇನ್ನೂ ನಲವತ್ತರ ಆಸುಪಾಸು. ಕ್ರಾಕೆಟ್ 49ಕ್ಕೆ ಸತ್ತ, ಬ್ರಯಾನ್ ಕೀತ್‌ಗೆ 65. 'ಗನ್‌ಸ್ಮೋಕ್' ಧಾರಾವಾಹಿಯಲ್ಲಿ ಇಪ್ಪತ್ತು ವರ್ಷ ಮನೆಮನೆಗೂ ಬಂದಿದ್ದ ಮುಖ ಆರ್ನೆಸ್‌ದು, ಟಿವಿಯವರಿಗೆ ಅಷ್ಟು ಸಾಕು. ಟ್ರಾವಿಸ್ ಮಾತ್ರ ಸರಿಯಾಗಿದ್ದಾನೆ: ಅವನಿಗೆ 26, ಅಲೆಕ್ ಬಾಲ್ಡ್‌ವಿನ್‌ಗೆ 28.

ದುಡ್ಡು ಉಳಿಸಿದ್ದೂ ಕಾಣುತ್ತೆ. ಸೆಟ್ಟು ಟೆಕ್ಸಸ್‌ನ ಬ್ರಾಕೆಟ್‌ವಿಲ್ ಊರಿನದು, ನಟ ಜಾನ್ ವೇಯ್ನ್ ತನ್ನ 1960ರ 'ದಿ ಅಲಮೋ' ಸಿನಿಮಾಕ್ಕೆ ಕಟ್ಟಿಸಿದ್ದು. ಯುದ್ಧದ ಎಷ್ಟೋ ಶಾಟ್‌ಗಳನ್ನು 1955ರ 'ದಿ ಲಾಸ್ಟ್ ಕಮಾಂಡ್'ನಿಂದ ಎತ್ತಿ ಜೋಡಿಸಿದ್ದಾರೆ. ಆದರೂ ರೌಲ್ ಜೂಲಿಯಾನ ಸಾಂತಾ ಆನಾಗೋಸ್ಕರ ನಾನು ಇನ್ನೊಂದು ಸಲ ನೋಡಲು ರೆಡಿ. ಎದುರಾಳಿಗೆ ಈ ಮಟ್ಟದ ನಟ ಸಿಕ್ಕಿದ್ದು ಅಪರೂಪ.

ತೋಪಿನಕಟ್ಟೆ:
ಗೆರೆ ಕಥೆ ಅಚ್ಚಾದದ್ದು 1873ರಲ್ಲಿ, ಮುತ್ತಿಗೆ ಆಗಿ 37 ವರ್ಷದ ಮೇಲೆ. ರೋಸ್ ಅನ್ನುವವನು ಗೆರೆ ದಾಟದೆ ತಪ್ಪಿಸಿಕೊಂಡು ಬಂದು ನಮ್ಮ ಮನೆಯಲ್ಲಿ ಹೇಳಿದ ಅಂತ ಜೂಬರ್ ಎಂಬಾತ ಬರೆದ. ನನಗಂತೂ ನಂಬಿಕೆ ಇಲ್ಲ, ಆದರೆ ಯಾವ ಡೈರೆಕ್ಟರ್ ಅಂಥ ಸೀನ್ ಬಿಡ್ತಾನೆ ಹೇಳಿ.

ಬಿಟ್ಟು ಹೋಗುವ ಪ್ರಶ್ನೆ ಒಳ್ಳೇದು. ಟೆಕ್ಸಸ್ ಸೈನ್ಯದ ದಂಡನಾಯಕ ಹೂಸ್ಟನ್‌ಗೆ ಕೋಟೆ ಕೆಡವಿ ತೋಪುಗಳನ್ನು ಹಿಂದಕ್ಕೆ ತರಿಸುವ ಯೋಚನೆಯೇ ಇತ್ತು. ಬೋವಿಯನ್ನು ಜನವರಿಯಲ್ಲಿ ಕಳಿಸಿದ್ದೂ ಅದಕ್ಕೇ. ಅಲ್ಲಿ ಇಪ್ಪತ್ತರಷ್ಟು ತೋಪು ಇದ್ದವು, ಎಳೆಯಲು ಎತ್ತು ಇರಲಿಲ್ಲ! ಬಿಟ್ಟು ಹೋದರೆ ಶತ್ರುವಿಗೆ ಕೊಟ್ಟ ಹಾಗೆ. ಬೋವಿ ನೋಡಿ ಇಲ್ಲೇ ನಿಲ್ಲೋಣ ಅಂತ ತೀರ್ಮಾನಿಸಿದ. ಸಾಂತಾ ಆನಾ ಫೆಬ್ರವರಿ 23ಕ್ಕೇ ಬರುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ. ಚಳಿಗಾಲ ಕಳೆದು ಹುಲ್ಲು ಚಿಗುರಿದ ಮೇಲೆ ಬರಬಹುದು ಅಂದುಕೊಂಡಿದ್ದರು.

ಸಹಾಯ ಬಂತು, ಆದರೆ ಎಷ್ಟು? ಗೊನ್ಸಾಲೆಸ್ ಊರಿನಿಂದ 32 ಜನ ಮಾರ್ಚ್ 1ಕ್ಕೆ ಕತ್ತಲಲ್ಲಿ ಒಳಗೆ ನುಗ್ಗಿದರು. ಅವರೂ ಸತ್ತರು. ಗೋಲಿಯಾಡ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇಟ್ಟುಕೊಂಡಿದ್ದ ಟೆಕ್ಸಸ್ ಸೇನಾಧಿಕಾರಿ ಫ್ಯಾನಿನ್ ಹೊರಟ, ಊರಾಚೆಯೇ ಗಾಡಿಗಳು ಮುರಿದವು, ವಾಪಸ್ ಹೋದ. ಅದೇ ತಿಂಗಳ 27ಕ್ಕೆ ಅವನನ್ನೂ ಅವನ ಸೆರೆಸಿಕ್ಕ ಜನರನ್ನೂ ಅಲ್ಲೇ ಗುಂಡಿಕ್ಕಿ ಕೊಂದರು. ಇನ್ನೂ ಹೊಟ್ಟೆ ಉರಿಯುವ ವಿಷಯ ಅಂದ್ರೆ ಮಾರ್ಚ್ 2ಕ್ಕೆ ಟೆಕ್ಸಸ್ ಸ್ವಾತಂತ್ರ್ಯ ಘೋಷಿಸಿಯಾಗಿತ್ತು, ಒಳಗಿದ್ದವರಿಗೆ ಆ ಸುದ್ದಿ ಮುಟ್ಟಲೇ ಇಲ್ಲ. 6ರ ಬೆಳಗಿನ ಜಾವ ಕತ್ತಲಿರುವಾಗಲೇ ದಾಳಿ ಶುರುವಾಗಿ ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿಯಿತು.

ಮಲ್ಲಿಗೆಬಳ್ಳಿ:
ಎತ್ತು, ತೋಪು ಎಲ್ಲ ಸರಿ. ಜಗಳ ಯಾತಕ್ಕೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ ನೋಡಿ! ಸಾಂತಾ ಆನಾ 1824ರ ಸಂವಿಧಾನ ಬದಿಗೆ ಸರಿಸಿ ಅಧಿಕಾರ ಎಲ್ಲ ರಾಜಧಾನಿಗೆ ಎಳೆದುಕೊಂಡ, ಅದಕ್ಕೆ ಟೆಕ್ಸಸ್ ಮಾತ್ರ ಅಲ್ಲ, ಸಕಟೆಕಾಸ್‌ನಲ್ಲೂ ದಂಗೆ ಎದ್ದಿತ್ತು, ಒಪ್ಪಿದೆ. ಆದರೆ ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು. ಅಮೆರಿಕದಿಂದ ಬಂದು ಹತ್ತಿ ಬೆಳೆಯುತ್ತಿದ್ದವರು ಗುಲಾಮರನ್ನು ಬಿಡಲು ತಯಾರಿರಲಿಲ್ಲ. ಈ ತರಹದ ಸಿನಿಮಾಗಳು ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಭಾಷಣ ಮಾಡುವಾಗ ಇದನ್ನು ಸುಮ್ನೆ ಕಂಬಳಿ ಕೆಳಗೆ ತಳ್ಳಿಬಿಡುತ್ತವೆ.

ಜೋ ಗೊತ್ತಾ ನಿಮಗೆ? ಟ್ರಾವಿಸ್‌ನ ಗುಲಾಮ. ಉತ್ತರದ ಗೋಡೆ ಮೇಲೆ ಟ್ರಾವಿಸ್ ಗುಂಡು ತಿಂದು ಬಿದ್ದಾಗ ಇವನೂ ಅಲ್ಲೇ ಇದ್ದ. ಬದುಕಿ ಉಳಿದು ಟೆಕ್ಸಸ್ ಸರ್ಕಾರದವರ ಮುಂದೆ ನಡೆದದ್ದೆಲ್ಲ ಹೇಳಿದ. ಟ್ರಾವಿಸ್ ಹೇಗೆ ಸತ್ತ ಅಂತ ನಮಗೆ ಗೊತ್ತಿರುವುದೇ ಅವನಿಂದ. ಆಮೇಲೆ ಅವನನ್ನು ಟ್ರಾವಿಸ್‌ನ ಆಸ್ತಿಯ ಲೆಕ್ಕಕ್ಕೆ ವಾಪಸ್ ಸೇರಿಸಿದರು. 1837ರ ಏಪ್ರಿಲ್ 21ಕ್ಕೆ, ಅಂದರೆ ಸ್ಯಾನ್ ಹಸಿಂಟೋ ಯುದ್ಧದಲ್ಲಿ ಟೆಕ್ಸಸ್ ಗೆದ್ದು ಸರಿಯಾಗಿ ಒಂದು ವರ್ಷಕ್ಕೆ, ಓಡಿಹೋದ. ಹಿಡಿದು ಕೊಟ್ಟವರಿಗೆ 50 ಡಾಲರ್ ಅಂತ ಪೇಪರ್‌ನಲ್ಲಿ ಜಾಹೀರಾತು ಬಂತು. ಇವನ ಮೇಲೆ ಮೂರು ಗಂಟೆ ಸಿನಿಮಾ ಮಾಡಲಿ, ನಾನು ಕೂತು ನೋಡ್ತೀನಿ.

ಹಳೇರೀಲು:
ಮೇಡಂ, ಜೋ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಮೆಕ್ಸಿಕನ್ ಮೂಲದವರೂ ಒಳಗಡೆ ಇದ್ದರಂತೆ, ಹೌದಾ?

ಟೆಕ್ಸಸ್ ಕನ್ನಡಿಗ:
ಇದ್ದರು. ಗ್ರೆಗೋರಿಯೋ ಎಸ್ಪಾರ್ಸಾ ಒಳಗೆ ತೋಪಿನ ಹತ್ತಿರ, ಅವನ ತಮ್ಮನೋ ಅಣ್ಣನೋ ಫ್ರಾನ್ಸಿಸ್ಕೋ ಸಾಂತಾ ಆನಾ ಪಕ್ಷದಲ್ಲಿ. ಉಳಿದವರ ಹೆಣಗಳನ್ನು ರಾಶಿ ಹಾಕಿ ಸುಟ್ಟರು, ಇವನೊಬ್ಬನನ್ನು ಹೂಳಲು ಫ್ರಾನ್ಸಿಸ್ಕೋ ಅಪ್ಪಣೆ ಪಡೆದ.

ನಾನು ಇರುವುದು ಇದೇ ರಾಜ್ಯದಲ್ಲಿ, ಊರಿಂದ ಯಾರು ಬಂದರೂ ಅಲಮೋ ನೋಡಲು ಸ್ಯಾನ್ ಆಂಟೋನಿಯೋಗೆ ಕರ್ಕೊಂಡು ಹೋಗ್ತೀನಿ. ಎಲ್ಲರೂ ಕೇಳುವುದು ಒಂದೇ, ಇಷ್ಟೇನಾ? ಪೇಟೆ ಮಧ್ಯೆ, ಹೋಟೆಲ್ ಅಂಗಡಿಗಳ ನಡುವೆ ಒಂದು ಪುಟ್ಟ ಚರ್ಚು. ಫೋಟೋಗಳಲ್ಲಿ ಕಾಣುವ ಆ ಗುಂಡಗಿನ ತಲೆಭಾಗ ಇದೆಯಲ್ಲ, ಅದು ಮುತ್ತಿಗೆ ಕಾಲದಲ್ಲಿ ಇರಲೇ ಇಲ್ಲ, 1850ರಲ್ಲಿ ಅಮೆರಿಕದ ಸೈನ್ಯ ಕಟ್ಟಿದ್ದು. ಒಳಗೆ ಹೋಗುವಾಗ ಗಂಡಸರು ಟೋಪಿ ತೆಗೆಯಬೇಕು. ಮತ್ತೆ ಒಂದು ಕಿವಿಮಾತು, ಕ್ರಾಕೆಟ್ ಹೋರಾಡುತ್ತ ಸಾಯಲಿಲ್ಲ, ಸೆರೆಸಿಕ್ಕ ಮೇಲೆ ಕೊಂದರು ಅಂತ ಮೆಕ್ಸಿಕನ್ ಅಧಿಕಾರಿ ದೆ ಲಾ ಪೆನ್ಯಾ ಬರೆದಿದ್ದಾನಲ್ಲ, ಆ ಮಾತನ್ನು ಇಲ್ಲಿನ ವಯಸ್ಸಾದವರ ಮುಂದೆ ಎತ್ತಬೇಡಿ. ಊಟಕ್ಕೆ ತಡ ಆಗುತ್ತೆ.